ಮೆಲೋಡಿಕ್ ಹೌಸ್ ಆಂಡ್ ಟೆಕ್ನೋ ಟ್ರ್ಯಾಕ್: ಖಾಲಿ ಪ್ರಾಜೆಕ್ಟ್‌ನಿಂದ ಬಿಡುಗಡೆಯ ಶುಕ್ರವಾರದವರೆಗೆ

2018ರಲ್ಲಿ ಡಿಜೆಗಳಿಗೆ ಟ್ರ್ಯಾಕ್ ಮಾರುವ ಆನ್‌ಲೈನ್ ಅಂಗಡಿ ಬೀಟ್‌ಪೋರ್ಟ್ ‘ಮೆಲೋಡಿಕ್ ಹೌಸ್ ಆಂಡ್ ಟೆಕ್ನೋ’ ಅಂತ ಬೇರೆಯೇ ವಿಭಾಗ ತೆರೆಯಿತು. ಸಂಗೀತ ಅದಕ್ಕಿಂತ ಹಳೆಯದು. ಬರ್ಲಿನ್‌ನ ಇನ್ನರ್‌ವಿಷನ್ಸ್, ಹ್ಯಾಂಬರ್ಗ್‌ನ ಡೈನಮಿಕ್, ಲಂಡನ್ನಿನ ಅಂಜುನಾಡೀಪ್, ಟೇಲ್ ಆಫ್ ಅಸ್ ಜೋಡಿ 2016ರಲ್ಲಿ ಶುರುಮಾಡಿದ ಆಫ್ಟರ್‌ಲೈಫ್ ಇಂಥ ಲೇಬಲ್‌ಗಳು ಡೀಪ್ ಹೌಸ್, ಟೆಕ್ನೋ, ಪ್ರೊಗ್ರೆಸಿವ್ ಎಂಬ ಬೇರೆ ಬೇರೆ ಹೆಸರಲ್ಲಿ ಇದೇ ಧಾಟಿಯ ಟ್ರ್ಯಾಕ್‌ಗಳನ್ನು ಹೊರತರುತ್ತಿದ್ದವು. ಈಗ ಆ ವಿಭಾಗಕ್ಕೆ ವಾರ ವಾರ ರಾಶಿ ರಾಶಿ ಬಿಡುಗಡೆಗಳು ಬಂದು ಬೀಳುತ್ತವೆ. ಅವುಗಳಲ್ಲಿ ಡಿಜೆಗಳು ನಿಜಕ್ಕೂ ನುಡಿಸುವಂಥವನ್ನು ಬಿಚ್ಚಿ ನೋಡಿದರೆ ಒಳಗಿರುವ ಸಾಮಾನು ತೀರಾ ಕಡಿಮೆ: ಒಂದು ಕಿಕ್ (ಪ್ರತಿ ಬೀಟಿಗೆ ಬಡಿಯುವ ದಪ್ಪ ಡ್ರಮ್), ಒಂದು ಬೇಸ್, ಐದಾರು ಸ್ವರಗಳ ಒಂದು ಮೋಟಿಫ್ (ಮರಳಿ ಮರಳಿ ಬರುವ ಪುಟ್ಟ ಸ್ವರಗುಚ್ಛ), ಅದನ್ನು ಏಳು ನಿಮಿಷ ನಿಧಾನವಾಗಿ ಅರಳಿಸುವ ಫಿಲ್ಟರ್. ಹೊಸಬರ ಟ್ರ್ಯಾಕ್ ಕೆಡುವುದು ಐಡಿಯಾ ಸಾಲದೆ ಅಲ್ಲ, ಐಡಿಯಾ ಮಿತಿಮೀರಿ.

ಏಬಲ್ಟನ್ ಲೈವ್, ಎಫ್‌ಎಲ್ ಸ್ಟುಡಿಯೋ, ಲಾಜಿಕ್, ಇಂಥ ಸಂಗೀತ ತಯಾರಿಸುವ ಸಾಫ್ಟ್‌ವೇರ್ ಯಾವುದಾದರೂ ಒಂದರಲ್ಲಿ ಕೈ ಆಡಿದವರಿಗಾಗಿ ಈ ಲೇಖನ. ಎಲ್ಲ ಲೆಕ್ಕವೂ 122 ಬಿಪಿಎಂಗೆ, ಅಂದರೆ ನಿಮಿಷಕ್ಕೆ 122 ಬೀಟ್. ಆ ವೇಗದಲ್ಲಿ ಒಂದು ಬೀಟ್ 492 ಮಿಲಿಸೆಕೆಂಡ್, ನಾಲ್ಕು ಬೀಟಿನ ಒಂದು ಬಾರ್ ಸುಮಾರು 1.97 ಸೆಕೆಂಡ್, 16 ಬಾರ್ ಸುಮಾರು 31 ಸೆಕೆಂಡ್. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಪದೇ ಪದೇ ಬೇಕಾಗುತ್ತವೆ.

ವೇಗ ಮತ್ತು ಶ್ರುತಿ

ಈ ಶೈಲಿಯ ಬಹುಪಾಲು ಟ್ರ್ಯಾಕ್‌ಗಳು 120ರಿಂದ 126ರ ನಡುವೆ ಇರುತ್ತವೆ. 122 ಒಳ್ಳೆಯ ನಡುದಾರಿ: ಹೌಸ್ ನುಡಿಸುವವರೂ ಎತ್ತಿಕೊಳ್ಳಬಹುದು, ಟೆಕ್ನೋ ಕಡೆಯವರು ವೇಗ ಸ್ವಲ್ಪ ಏರಿಸಿ ಬಳಸಬಹುದು.

ಶ್ರುತಿಯನ್ನು ಮನಸ್ಸಿಗೆ ಬಂದ ಹಾಗೆ ಆರಿಸಬೇಡಿ, ಸಬ್‌ವೂಫರ್ ಕೇಳಿ ಆರಿಸಿ. ಬೇಸ್‌ನ ಷಡ್ಜ ಇ ಆದರೆ 41 ಹರ್ಟ್ಝ್, ಎಫ್ ಆದರೆ 44, ಜಿ ಆದರೆ 49, ಎ ಆದರೆ 55. ಈ ಪಟ್ಟಿಯಲ್ಲಿ ಇದ್ದರೆ ಕ್ಷೇಮ. ಸಿ ಮೈನರ್‌ನಲ್ಲಿ ತೊಡಕಿದೆ: ಕೆಳಗಿನ ಸಿ 32.7 ಹರ್ಟ್ಝ್, ಅಷ್ಟು ಕೆಳಗೆ ಬಹಳಷ್ಟು ಸಬ್‌ಗಳು ಸೊರಗುತ್ತವೆ. ಒಂದು ಸ್ಥಾಯಿ ಮೇಲೇರಿದರೆ 65, ಅಲ್ಲಿ ಎದೆಗೆ ತಟ್ಟುವ ಭಾರ ಇರುವುದಿಲ್ಲ. ಮೊದಲ ಟ್ರ್ಯಾಕ್‌ಗೆ ಎಫ್ ಮೈನರ್ ಅಥವಾ ಎ ಮೈನರ್ ಸಾಕು. ಹಾರ್ಮೋನಿಕ್ ಮಿಕ್ಸಿಂಗ್ ಮಾಡುವ, ಅಂದರೆ ಹೊಂದುವ ಶ್ರುತಿಯ ಟ್ರ್ಯಾಕ್‌ಗಳನ್ನೇ ಬೆರೆಸುವ ಡಿಜೆಗಳು ಕೆಮೆಲಾಟ್ ಎಂಬ ಶ್ರುತಿಚಕ್ರದಲ್ಲಿ ಇವನ್ನು 4ಎ, 8ಎ ಅಂತ ಗುರುತಿಸುತ್ತಾರೆ.

ಕರ್ನಾಟಕ ಸಂಗೀತದ ಕಿವಿ ಇದ್ದವರಿಗೆ ಇಲ್ಲೊಂದು ಅನುಕೂಲ. ನ್ಯಾಚುರಲ್ ಮೈನರ್‌ನ ಸ್ವರಗಳು 20ನೇ ಮೇಳ ನಠಭೈರವಿಯವು. ಡೋರಿಯನ್‌ನ ಸ್ವರಗಳು 22ನೇ ಮೇಳ ಖರಹರಪ್ರಿಯದವು. ಹಾರ್ಮೋನಿಕ್ ಮೈನರ್ ಬೇಕಾದರೆ 21ನೇ ಕೀರವಾಣಿ. ಹಿಂದೂಸ್ತಾನಿ ಕೇಳಿ ಬೆಳೆದವರು ಮೊದಲೆರಡನ್ನು ಆಸಾವರಿ, ಕಾಫಿ ಥಾಟ್ ಅಂದುಕೊಳ್ಳಲಿ. ನಠಭೈರವಿಯ ಶುದ್ಧ ಧೈವತವನ್ನು ಚತುಶ್ರುತಿಗೆ ಏರಿಸಿದರೆ ವಿಷಾದದ ಟ್ರ್ಯಾಕ್ ಒಮ್ಮೆಲೇ ಬೆಳಕಾಗುತ್ತದೆ. ಅದೊಂದೇ ಸ್ವರವನ್ನು ಕೊನೆಯ ಪೀಕ್‌ಗೆ ಕಾದಿಟ್ಟುಕೊಂಡರೆ ಬೇರೆ ಹೊಸ ರಾಗಸಂಚಾರವೇ ಬೇಡ. ಗಮಕ ತರಬೇಕಾದರೆ ಸಿಂಥ್ ಅನ್ನು ಮೋನೋಗೆ (ಒಮ್ಮೆಗೆ ಒಂದೇ ಸ್ವರ) ಹಾಕಿ, ಗ್ಲೈಡ್ 60ರಿಂದ 90 ಮಿಲಿಸೆಕೆಂಡ್ ಇಟ್ಟು, ಸ್ವರಗಳು ಒಂದರ ಮೇಲೊಂದು ತುಸು ಹೊದ್ದುಕೊಳ್ಳುವಂತೆ ಬರೆಯಿರಿ. ಆಮೇಲೆ ಅದರಡಿ ಕಾರ್ಡ್‌ಗಳನ್ನು ಹರಿಬಿಡಬೇಡಿ. ಷಡ್ಜವನ್ನಷ್ಟೇ ಹಿಡಿದ ಬೇಸ್ ಇದ್ದರೆ ರಾಗದ ಚಹರೆ ಉಳಿಯುತ್ತದೆ.

ಕಿಕ್ ಮತ್ತು ಬೇಸ್

ಈ ಎರಡನ್ನು ಮುಗಿಸದೆ ಮುಂದಕ್ಕೆ ಹೋಗಬೇಡಿ.

ಕಿಕ್‌ಗೆ ರೋಲ್ಯಾಂಡ್ ಟಿಆರ್-909 ಜಾತಿಯ ಸ್ಯಾಂಪಲ್ ತೆಗೆದುಕೊಳ್ಳಿ. ಅದರ ಬಾಲ 250 ಮಿಲಿಸೆಕೆಂಡ್‌ಗೆ ಮುಗಿಯಬೇಕು, ಅಂದರೆ ಅರ್ಧ ಬೀಟಿಗೆ. ಅದಕ್ಕಿಂತ ಉದ್ದವಾದರೆ ಆಫ್‌ಬೀಟ್‌ನಲ್ಲಿ ಬರುವ ಬೇಸ್‌ನ ಮೇಲೆ ಹತ್ತಿ ಕೂರುತ್ತದೆ. ಬಾಲದ ಪಿಚ್ ಅನ್ನು ಟ್ರ್ಯಾಕ್‌ನ ಷಡ್ಜಕ್ಕೆ ಅಥವಾ ಪಂಚಮಕ್ಕೆ ಹೊಂದಿಸಿ. 25 ಹರ್ಟ್ಝ್‌ನ ಕೆಳಗಿನದನ್ನು ಕತ್ತರಿಸುವ ಹೈ-ಪಾಸ್ ಹಾಕಿ. ಕಿಕ್ ಒಂಟಿಯಾಗಿ ಓಡುವಾಗ ಮಾಸ್ಟರ್ ಮೀಟರ್ ಮೈನಸ್ 10 ಡಿಬಿ ತೋರಿಸಲಿ. ಮಿಕ್ಕಿದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು, ಕಿಕ್‌ನ ಫೇಡರ್ ಇನ್ನು ಅಲುಗಾಡಬಾರದು.

ಬೇಸ್‌ಗೆ ಒಂದು ಸಾ (ಗರಗಸದ ಹಲ್ಲಿನಾಕಾರದ) ಅಥವಾ ಸ್ಕ್ವೇರ್ ಅಲೆ, 24 ಡಿಬಿ ಲೋ-ಪಾಸ್ ಫಿಲ್ಟರ್, ಕಟ್‌ಆಫ್ (ಫಿಲ್ಟರ್ ಕತ್ತರಿಸಲು ಶುರುಮಾಡುವ ಜಾಗ) 150ರಿಂದ 250 ಹರ್ಟ್ಝ್, ಫಿಲ್ಟರ್ ಎನ್ವಲಪ್‌ನ ಡಿಕೇ 200 ಮಿಲಿಸೆಕೆಂಡ್ ಆಸುಪಾಸು. ಪ್ರತಿ ಬೀಟಿನ ನಾಲ್ಕು ಹದಿನಾರನೇ ಭಾಗಗಳಲ್ಲಿ ಮೊದಲನೆಯದನ್ನು ಕಿಕ್‌ಗೆ ಬಿಟ್ಟು ಉಳಿದ ಮೂರರಲ್ಲಿ ಬೇಸ್ ಬರೆಯಿರಿ, ವೆಲಾಸಿಟಿ 70, 100, 85ರಂತೆ ಏರುಪೇರಾಗಲಿ. ಎಲ್ಲ ಒಂದೇ ಬಲದಲ್ಲಿ ಬಡಿದರೆ ಉರುಳುವ ಭಾವ ಬರುವುದಿಲ್ಲ, ಹೊಲಿಗೆ ಯಂತ್ರದ ಸದ್ದಾಗುತ್ತದೆ. 120 ಹರ್ಟ್ಝ್ ಕೆಳಗೆ ಎಲ್ಲವೂ ಮೋನೋ, ಎಡಕ್ಕೂ ಬಲಕ್ಕೂ ಒಂದೇ ದನಿ.

ಕಿಕ್ ಬಡಿದಾಗಲೆಲ್ಲ ಬೇಸ್ ಅನ್ನು ತಗ್ಗಿಸುವ ಸೈಡ್‌ಚೇನ್ ಕಂಪ್ರೆಸರ್‌ಗೆ ಅಟ್ಯಾಕ್ 1 ಮಿಲಿಸೆಕೆಂಡ್‌ಗಿಂತ ಕಡಿಮೆ, ರಿಲೀಸ್ 120ರ ಸುಮಾರು, ತಗ್ಗು 4ರಿಂದ 6 ಡಿಬಿ. ರಿಲೀಸ್‌ನ ಅಂಕಿ ಸುಮ್ಮನೆ ಬಂದದ್ದಲ್ಲ: ಹದಿನಾರನೇ ಒಂದು ಭಾಗ 123 ಮಿಲಿಸೆಕೆಂಡ್, ಅಷ್ಟರೊಳಗೆ ಕಂಪ್ರೆಸರ್ ಕೈಬಿಟ್ಟರೆ ಬೇಸ್‌ನ ಮೊದಲ ಸ್ವರ ಪೂರ್ತಿ ಕೇಳುತ್ತದೆ. 300 ದಾಟಿದರೆ ಇಡೀ ಟ್ರ್ಯಾಕ್ ಏದುಸಿರು ಬಿಡತೊಡಗುತ್ತದೆ. ಆ ಪಂಪಿಂಗ್ ಬೇರೆ ಶೈಲಿಗಳಿಗೆ ಚೆಂದ, ಇಲ್ಲಿ ಮೋಟಿಫ್‌ನ ಹರಿವನ್ನೇ ಮುರಿಯುತ್ತದೆ.

ಕಿಕ್, ಬೇಸ್ ಎರಡೂ ಬೇರೆ ಬೇರೆಯಾಗಿ ಗಟ್ಟಿಯಾಗಿ, ಒಟ್ಟಿಗೆ ಬಂದಾಗ ಸಪ್ಪೆಯಾದರೆ ಅದು ಫೇಸ್ ಜಗಳ, ಎರಡರ ಅಲೆಗಳು ಒಂದನ್ನೊಂದು ಅಳಿಸುತ್ತಿವೆ. ಇಕ್ಯೂ ಹಿಡಿದು ಹೊಡೆದಾಡುವ ಮುಂಚೆ ಬೇಸ್‌ನ ಪೊಲಾರಿಟಿ ತಿರುಗಿಸಿ ಕೇಳಿ. ಆಮೇಲೆ ಆಸಿಲೇಟರ್‌ನ ಫೇಸ್ ರೀಟ್ರಿಗರ್ ಚಾಲೂ ಮಾಡಿ, ಪ್ರತಿ ಸ್ವರವೂ ಒಂದೇ ಜಾಗದಿಂದ ಶುರುವಾಗಲಿ. ಬಹುತೇಕ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಮೋಟಿಫ್

ಎರಡು ಬಾರ್‌ಗಳಲ್ಲಿ ಐದರಿಂದ ಏಳು ಸ್ವರ. ಗುನುಗಲು ಬರಬೇಕು. ಸಿಂಥ್ ತೆಗೆದು ಪಿಯಾನೋದಲ್ಲಿ ನುಡಿಸಿದರೂ ನಿಲ್ಲಬೇಕು; ನಿಲ್ಲದಿದ್ದರೆ ಯಾವ ರಿವರ್ಬ್ ಕೂಡ ಕಾಪಾಡದು.

ಈ ಶೈಲಿಗೆ ತನ್ನದೇ ನಡೆ ಕೊಡುವುದು ಮೂರರ ಗುಂಪುಗಳು. ಒಂದು ಬಾರ್‌ನ 16 ಭಾಗಗಳನ್ನು 3+3+3+3+4 ಅಂತ ಒಡೆದು ಪ್ರತಿ ಗುಂಪಿನ ಮೊದಲಲ್ಲಿ ಸ್ವರ ಇಟ್ಟು ನೋಡಿ: ಕಿಕ್ ನಾಲ್ಕರಲ್ಲಿ ನಡೆಯುತ್ತದೆ, ರಾಗ ಮೂರರಲ್ಲಿ ಅದರ ಮೇಲೆ ತೇಲುತ್ತದೆ, ಬಾರ್ ಮುಗಿಯುವಾಗ ಎರಡೂ ಸೇರುತ್ತವೆ. ಕೊನೆಯ ಆ ನಾಲ್ಕನ್ನು ಬಿಟ್ಟು ಬರೀ ಮೂರು ಮೂರಾಗಿ ಓಡಲು ಬಿಟ್ಟರೆ ಸಮ ಬರುವುದು ಮೂರು ಬಾರ್‌ಗಳ ಬಳಿಕ. ನಾಲ್ಕು ಬಾರ್‌ಗಳ ಕಾರ್ಡ್‌ಗಳ ಜೊತೆ ಅದು ಕೂಡುವುದಿಲ್ಲ, ಹಾಗಾಗಿ ನಾಲ್ಕನೇ ಬಾರ್‌ನ ಕೊನೆಗೆ ಕತ್ತರಿಸಿ ಮೊದಲಿಂದ ಶುರುಮಾಡಿ. ತಾಳದ ಲೆಕ್ಕ ಬಲ್ಲವರು ಇಲ್ಲಿ ಇನ್ನೂ ಸೊಗಸಾದ ವಿಂಗಡಣೆಗಳನ್ನು ಹುಡುಕಬಹುದು. 3+3+3+3+2+2 ಕೂಡ ಚೆನ್ನಾಗಿ ಕೂರುತ್ತದೆ.

ಕಾರ್ಡ್‌ಗಳು ಬೇಕಿದ್ದರೆ ಎ ಮೈನರ್, ಎಫ್, ಸಿ, ಜಿ ಅನ್ನುವ ಸವೆದ ದಾರಿಯೇ ಸಾಕು, ಒಂದು ಕಾರ್ಡ್‌ಗೆ ಎರಡು ಬಾರ್. ಆದರೆ ಬೇಸ್ ಎ ಮೇಲೆಯೇ ಕದಲದೆ ನಿಲ್ಲಲಿ. ಮೇಲೆ ಕಾರ್ಡ್ ಬದಲಾದಂತೆ ಅದೇ ಎ ಒಮ್ಮೆ ಮನೆಯಂತೆ, ಒಮ್ಮೆ ಪರಸ್ಥಳದಂತೆ ಕೇಳುತ್ತದೆ. ಬ್ರೇಕ್‌ಡೌನ್ (ಕಿಕ್ ನಿಂತು ರಾಗ ಮುಂದೆ ಬರುವ ಭಾಗ) ಮುಗಿದು ಬೇಸ್ ಮೊದಲ ಬಾರಿ ಕಾರ್ಡ್‌ಗಳ ಜೊತೆ ಚಲಿಸಿದಾಗ ಸಿಗುವ ಬಿಡುಗಡೆಯ ಭಾವಕ್ಕೆ ಇಷ್ಟು ಹೊತ್ತು ಕಾಯಿಸಿದ್ದೇ ಕಾರಣ.

ದನಿಗೆ ಯು-ಹೆ ದಿವಾ, ಸೀರಮ್ ಇದ್ದರೆ ಸರಿ. ಇಲ್ಲದಿದ್ದರೆ ಉಚಿತವಾಗಿ ಸಿಗುವ ವೈಟಲ್ ಅಥವಾ ಸರ್ಜ್ ಎಕ್ಸ್‌ಟಿ ಯಾವುದಕ್ಕೂ ಕಡಿಮೆಯಿಲ್ಲ. ಎರಡು ಸಾ ಆಸಿಲೇಟರ್, ನಡುವೆ 7ರಿಂದ 12 ಸೆಂಟ್ ಡೀಟ್ಯೂನ್. ಮೂರನೆಯದು ಒಂದು ಸ್ಥಾಯಿ ಕೆಳಗಿನ ಸ್ಕ್ವೇರ್, ಮೈನಸ್ 12 ಡಿಬಿ. 24 ಡಿಬಿ ಲೋ-ಪಾಸ್, ರೆಸೊನೆನ್ಸ್ 20 ಶೇಕಡಾ, ಎನ್ವಲಪ್ ಡಿಕೇ 300 ಮಿಲಿಸೆಕೆಂಡ್. ಆಂಪ್ ಅಟ್ಯಾಕ್ 5 ಮಿಲಿಸೆಕೆಂಡ್ ಇಡಿ, ಸೊನ್ನೆ ಇಟ್ಟರೆ ಪ್ರತಿ ಸ್ವರಕ್ಕೂ ಟಕ್ ಅನ್ನುತ್ತದೆ. ಹಳೆಯ ಅನಲಾಗ್ ಸಿಂಥ್‌ಗಳ ತೇವ ಬೇಕಾದರೆ 0.2 ಹರ್ಟ್ಝ್‌ನ ಒಂದು ಎಲ್‌ಎಫ್‌ಒದಿಂದ ಪಿಚ್ ಅನ್ನು 3ರಿಂದ 5 ಸೆಂಟ್ ಅಲುಗಿಸಿ.

ಡಿಲೇ, ರಿವರ್ಬ್ ಎರಡನ್ನೂ ಸೆಂಡ್‌ನಲ್ಲಿ (ಹಲವು ದನಿಗಳು ಹಂಚಿಕೊಳ್ಳುವ ಪ್ರತ್ಯೇಕ ಚಾನೆಲ್) ಇಡಿ. ಡಾಟೆಡ್ ಎಂಟನೇ ಭಾಗದ ಡಿಲೇ ಅಂದರೆ 369 ಮಿಲಿಸೆಕೆಂಡ್, ಫೀಡ್‌ಬ್ಯಾಕ್ 40 ಶೇಕಡಾ. ರಿವರ್ಬ್‌ಗೆ ಡಿಕೇ 3ರಿಂದ 5 ಸೆಕೆಂಡ್, ಪ್ರೀ-ಡಿಲೇ 31 ಮಿಲಿಸೆಕೆಂಡ್. ಅದು ಹೆಚ್ಚುಕಡಿಮೆ ಬೀಟಿನ ಹದಿನಾರನೇ ಒಂದು ಪಾಲು, ಅದರಿಂದ ಪ್ರತಿಧ್ವನಿ ಲಯಕ್ಕೆ ಕೂರುತ್ತದೆ. ಎರಡೂ ಸೆಂಡ್‌ಗಳ ಮೇಲೆ 300 ಹರ್ಟ್ಝ್ ಹೈ-ಪಾಸ್ ಮರೆಯಬೇಡಿ. ಮನೆಯಲ್ಲಿ ಹೆಡ್‌ಫೋನ್‌ಗೆ ಅದ್ಭುತವಾಗಿದ್ದು ಕ್ಲಬ್‌ನಲ್ಲಿ ಮಬ್ಬಾಗುವ ಟ್ರ್ಯಾಕ್‌ಗಳಲ್ಲಿ ಹೆಚ್ಚಿನವಕ್ಕೆ ಬಂದ ರೋಗ ಇದೇ: 200ರಿಂದ 400 ಹರ್ಟ್ಝ್ ನಡುವೆ ರಿವರ್ಬ್‌ನ ಕೆಸರು.

ಏಳು ನಿಮಿಷವನ್ನು ಹರಡುವುದು

208 ಬಾರ್ ಅಂದರೆ 6 ನಿಮಿಷ 49 ಸೆಕೆಂಡ್. ಮೊದಲ 32 ಬಾರ್ ಬರೀ ಡ್ರಮ್ ಮತ್ತು ತುಸು ಟೆಕ್ಸ್ಚರ್, ಡಿಜೆಗೆ ಬೆರೆಸಲು. ಮುಂದಿನ 32ರಲ್ಲಿ ಬೇಸ್, ಜೊತೆಗೆ ಕಟ್‌ಆಫ್ 400 ಹರ್ಟ್ಝ್‌ಗೆ ಮುಚ್ಚಿದ ಮೋಟಿಫ್, ಗೋಡೆಯಾಚೆ ಕೇಳಿದಂತೆ. 16 ಬಾರ್‌ಗಳ ಸಣ್ಣ ಬ್ರೇಕ್. ಮತ್ತೆ 32 ಬಾರ್ ಗ್ರೂವ್, ಈಗ ಮೋಟಿಫ್ ಅರೆತೆರೆದಿದೆ. ಮುಖ್ಯ ಬ್ರೇಕ್‌ಡೌನ್ 32 ಬಾರ್, 3 ನಿಮಿಷ 40 ಸೆಕೆಂಡಿಗೆ ಶುರು. ಕಿಕ್ ಮರಳುವುದು 4:43ಕ್ಕೆ. ಪೀಕ್ 32, ಕೊನೆಗೆ ಮತ್ತೆ ಡ್ರಮ್‌ಗಳ 32.

ಬ್ರೇಕ್‌ಡೌನ್‌ನಲ್ಲಿ ಹೊಸ ರಾಗ ತರುವ ಆಸೆಗೆ ಬೀಳಬೇಡಿ. ಜನ ಎರಡೂವರೆ ನಿಮಿಷ ಅರೆಬರೆ ಕೇಳಿದ್ದನ್ನೇ ಈಗ ಪೂರ್ತಿ ಕೇಳಿಸಿ. ಕಟ್‌ಆಫ್ 400 ಹರ್ಟ್ಝ್‌ನಿಂದ 5 ಕಿಲೋಹರ್ಟ್ಝ್‌ವರೆಗೆ ಏರಲಿ, ಆದರೆ ನೇರ ಗೆರೆಯಲ್ಲಿ ಅಲ್ಲ: ಮೊದಲ 24 ಬಾರ್‌ಗಳಲ್ಲಿ ಅರ್ಧ ದೂರ, ಕೊನೆಯ 8ರಲ್ಲಿ ಉಳಿದರ್ಧ. ಕಿಕ್ ಬರುವ ಮುನ್ನ ನಾಲ್ಕು ಬಾರ್ 150 ಹರ್ಟ್ಝ್ ಕೆಳಗಿನ ಎಲ್ಲವನ್ನೂ ತೆಗೆಯಿರಿ, ಕೊನೆಯ ಬೀಟಿನಲ್ಲಿ ರಿವರ್ಬ್ ಸೆಂಡ್ ಕೂಡ ಮುಚ್ಚಿ. ಸ್ನೇರ್ ರೋಲ್, ಕಿವಿಗಡಚಿಕ್ಕುವ ರೈಸರ್ ಬೇಡ. ಇಲ್ಲಿ ಡ್ರಾಪ್ ಅಂದರೆ ಬೆಚ್ಚಿಬೀಳಿಸುವುದಲ್ಲ, ಪರಿಚಯವಾದ ಸ್ವರಗಳಡಿ ನೆಲ ಮರಳಿ ಸಿಗುವುದು.

ಪ್ರತಿ 8 ಬಾರ್‌ಗೆ ಒಂದು ಸಣ್ಣ ಬದಲಾವಣೆ ಸಾಕು: ಹ್ಯಾಟ್ ಸೇರುವುದು, ಒಂದು ಸ್ವರ ಬಿಡುವುದು, ಡಿಲೇ ಉಕ್ಕುವುದು. ಪ್ರಾಜೆಕ್ಟ್‌ನಲ್ಲಿ 40ಕ್ಕಿಂತ ಹೆಚ್ಚು ಚಾನೆಲ್ ಆದರೆ ಒಂದೊಂದೇ ಮ್ಯೂಟ್ ಮಾಡುತ್ತ ಹೋಗಿ. ಇಲ್ಲದ್ದು ಗೊತ್ತೇ ಆಗದಿದ್ದರೆ ಅಳಿಸಿ.

ಸ್ಟ್ರೀಮಿಂಗ್‌ಗೆ ಬೇರೆ ಎಡಿಟ್, ಅಂದರೆ ಚಿಕ್ಕ ಆವೃತ್ತಿ ಬೇಕು. 8 ಬಾರ್ ಪ್ರವೇಶ, 24 ಗ್ರೂವ್, 24 ಬ್ರೇಕ್, 32 ಪೀಕ್, 16 ಮುಕ್ತಾಯ, ಒಟ್ಟು 104 ಬಾರ್, 3 ನಿಮಿಷ 25 ಸೆಕೆಂಡ್. ಸ್ಪಾಟಿಫೈ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಎಂದು ಎಣಿಸುತ್ತದೆ, ಹಾಗಾಗಿ ಎಡಿಟ್‌ನಲ್ಲಿ ಮೋಟಿಫ್ 16ನೇ ಸೆಕೆಂಡಿನೊಳಗೆ ಕೇಳಿಸಲಿ. ಎಕ್ಸ್‌ಟೆಂಡೆಡ್ ಮಿಕ್ಸ್‌ನ (ಡಿಜೆಗಳಿಗಾಗಿ ಮಾಡಿದ ಉದ್ದನೆಯ ಆವೃತ್ತಿ) ನಡುವಿಂದ ಸುಮ್ಮನೆ ಕತ್ತರಿಸಿದರೆ ರಿವರ್ಬ್ ಬಾಲಗಳು ತುಂಡಾಗುತ್ತವೆ. ಪ್ರಾಜೆಕ್ಟ್‌ನಲ್ಲೇ ಬಾರ್‌ಗಳನ್ನು ಸರಿಸಿ ಹೊಸದಾಗಿ ರೆಂಡರ್ ಮಾಡಿ.

ಮಿಕ್ಸ್, ಮಾಸ್ಟರ್, ಫೈಲ್

ಮಿಕ್ಸ್ ಮುಗಿದಾಗ ಮೀಟರ್‌ನ ಪೀಕ್ (ದನಿ ಮುಟ್ಟುವ ಅತಿ ಎತ್ತರದ ಮಟ್ಟ) ಮೈನಸ್ 6 ಡಿಬಿ ಆಸುಪಾಸು ಇರಲಿ, ಮಾಸ್ಟರ್ ಚಾನೆಲ್‌ನಲ್ಲಿ ಲಿಮಿಟರ್ ಬೇಡ. ಇಡೀ ಮಿಕ್ಸ್ ಅನ್ನು ಮೋನೋ ಮಾಡಿ ಕೇಳಿ. ಮೋಟಿಫ್ ಸೊರಗಿದರೆ ಸ್ಟೀರಿಯೋ ಅಗಲಿಸುವ ಪ್ಲಗಿನ್ ಅತಿಯಾಗಿದೆ. ಎಷ್ಟೋ ಕ್ಲಬ್‌ಗಳ ಸೌಂಡ್ ಸಿಸ್ಟಮ್ ಮೋನೋದಲ್ಲೇ ಓಡುತ್ತದೆ. ನಿಮ್ಮೂರಲ್ಲಿ ಸೌಂಡ್ ಬಾಡಿಗೆಗೆ ಕೊಡುವವರ ಬಳಿ 18 ಇಂಚಿನ ಸಬ್‌ಗಳು ಇದ್ದೇ ಇರುತ್ತವೆ. ಕಾರ್ಯಕ್ರಮ ಇಲ್ಲದ ದಿನ ಅರ್ಧ ಗಂಟೆ ಕೇಳಿಕೊಂಡು ನಿಮ್ಮ ಟ್ರ್ಯಾಕ್ ಮತ್ತು ಒಂದು ಬಿಡುಗಡೆಯಾದ ಟ್ರ್ಯಾಕ್ ಅನ್ನು ಒಂದೇ ಗಟ್ಟಿತನಕ್ಕೆ ಹೊಂದಿಸಿ ಬೆನ್ನುಬೆನ್ನಿಗೆ ಹಾಕಿ. ಬೇಸ್ ಬಗ್ಗೆ ಆ ಅರ್ಧ ಗಂಟೆ ಹೇಳುವಷ್ಟನ್ನು ಯಾವ ಹೆಡ್‌ಫೋನೂ ಹೇಳದು.

ಕ್ಲಬ್ ಮಾಸ್ಟರ್ ಮೈನಸ್ 9ರಿಂದ ಮೈನಸ್ 8 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಸುತ್ತ ಇದ್ದರೆ ಸಾಕು. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಲ್ಲವನ್ನೂ ಮೈನಸ್ 14ಕ್ಕೆ ಇಳಿಸುತ್ತದೆ, ಹಾಗಾಗಿ ಗಟ್ಟಿ ಮಾಡಿ ಅಲ್ಲಿ ಗೆಲ್ಲುವುದೇನೂ ಇಲ್ಲ. ಬದಲಿಗೆ ಎಡಿಟ್‌ನ ಟ್ರೂ ಪೀಕ್ ಗಮನಿಸಿ: ಮೈನಸ್ 14ಕ್ಕಿಂತ ಗಟ್ಟಿಯಾದ ಮಾಸ್ಟರ್‌ಗೆ ಮೈನಸ್ 2 ಡಿಬಿ ದಾಟದಂತೆ ಇಡಿ ಎಂದು ಸ್ಪಾಟಿಫೈಯೇ ಸಲಹೆ ಕೊಡುತ್ತದೆ. ಫೈಲ್ ಸಣ್ಣದು ಮಾಡುವಾಗ ಪೀಕ್‌ಗಳು ಉಬ್ಬಿ ಹ್ಯಾಟ್‌ಗಳು ಒರಟಾಗುವುದು ಅದರಿಂದ ತಪ್ಪುತ್ತದೆ.

ಟ್ರ್ಯಾಕ್ ಅನ್ನು ಆನ್‌ಲೈನ್ ಅಂಗಡಿಗಳಿಗೆ, ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ವಿತರಕರಿಗೆ 24 ಬಿಟ್, 44.1 ಕಿಲೋಹರ್ಟ್ಝ್ ವೇವ್ ಕೊಡಿ. ಡಿಜೆಗಳಿಗೆ ಮುಂಚಿತವಾಗಿ ಕಳಿಸುವುದಾದರೆ ಎಐಎಫ್‌ಎಫ್ ಮತ್ತು 320 ಕೆಬಿಪಿಎಸ್ ಎಂಪಿ3. ವೇವ್‌ನಲ್ಲಿ ಹೆಸರು, ಚಿತ್ರ ಸರಿಯಾಗಿ ಉಳಿಯುವುದಿಲ್ಲ. ಇನ್ನೊಂದು ತೊಡಕು: ಕೆಲವು 24 ಬಿಟ್ ವೇವ್ ಫೈಲ್‌ಗಳ ತಲೆಬರಹ ‘ಎಕ್ಸ್‌ಟೆನ್ಸಿಬಲ್’ ಬಗೆಯದಾಗಿದ್ದು, ಪಯೋನಿಯರ್‌ನ ಎಷ್ಟೋ ಸಿಡಿಜೆಗಳು (ಡಿಜೆಗಳ ಪ್ಲೇಯರ್) ಅವನ್ನು ಓದದೆ ಇ-8305 ಎಂಬ ದೋಷ ತೋರಿಸುತ್ತವೆ. ಸೆಟ್‌ನ ನಡುವೆ ಹಾಗಾದರೆ ಆ ಡಿಜೆ ನಿಮ್ಮ ಟ್ರ್ಯಾಕ್ ಅನ್ನು ಇನ್ನೊಮ್ಮೆ ಮುಟ್ಟುವುದಿಲ್ಲ.

ಲೇಬಲ್ಲೋ ಸ್ವಂತವೋ

ಲೇಬಲ್‌ಗೆ ಕಳಿಸುವ ಮುಂಚೆ ಅವರ ಕೊನೆಯ ಹತ್ತು ಬಿಡುಗಡೆಗಳನ್ನು ಪೂರ್ತಿ ಕೇಳಿ. ನಿಮ್ಮ ಟ್ರ್ಯಾಕ್ ಅವುಗಳ ನಡುವೆ ಕೂತರೆ ಮಾತ್ರ ಕಳಿಸಿ. ಎರಡೋ ಮೂರೋ ಟ್ರ್ಯಾಕ್, ಎಲ್ಲೂ ಬಿಡುಗಡೆಯಾಗಿರಬಾರದು, ಡೌನ್‌ಲೋಡ್ ತೆರೆದಿಟ್ಟ ಖಾಸಗಿ ಸೌಂಡ್‌ಕ್ಲೌಡ್ ಕೊಂಡಿ, ಮೂರು ಸಾಲಿನ ಪತ್ರ. ಇಮೇಲ್‌ಗೆ ಫೈಲ್ ಲಗತ್ತಿಸಬೇಡಿ. ಒಂದೇ ಪತ್ರವನ್ನು ಇಪ್ಪತ್ತು ಲೇಬಲ್‌ಗಳಿಗೆ ಒಟ್ಟಿಗೆ ಹಾಕಬೇಡಿ. ಆರು ವಾರ ಉತ್ತರ ಬಾರದಿದ್ದರೆ ಮುಂದಿನ ಲೇಬಲ್‌ಗೆ ಹೋಗಿ. ಒಪ್ಪಂದ ಬಂದರೆ ಮಾಸ್ಟರ್ ಹಕ್ಕು ಎಷ್ಟು ವರ್ಷಕ್ಕೆ, ಪಾಲು ಖರ್ಚು ಕಳೆದೋ ಕಳೆಯದೆಯೋ, ಪಬ್ಲಿಷಿಂಗ್ ಕೂಡ ಕೇಳಿದ್ದಾರೋ, ಇಷ್ಟನ್ನು ಓದದೆ ಸಹಿ ಹಾಕಬೇಡಿ. ಮಾಸ್ಟರ್ (ಧ್ವನಿಮುದ್ರಣದ ಹಕ್ಕು) ಮತ್ತು ಪಬ್ಲಿಷಿಂಗ್ (ರಚನೆಯ ಹಕ್ಕು) ಬೇರೆ ಬೇರೆ ಆಸ್ತಿಗಳು.

ಸ್ವಂತವಾಗಿ ತರುವುದಾದರೆ ಬೀಟ್‌ಪೋರ್ಟ್‌ಗೆ ತಲುಪಿಸುವ ವಿತರಕರನ್ನೇ ಆರಿಸಿ, ಎಲ್ಲರೂ ತಲುಪಿಸುವುದಿಲ್ಲ. ಎಕ್ಸ್‌ಟೆಂಡೆಡ್‌ಗೆ ಒಂದು, ಎಡಿಟ್‌ಗೆ ಇನ್ನೊಂದು ಐಎಸ್‌ಆರ್‌ಸಿ ಸಂಕೇತ ಕಡ್ಡಾಯ. ಇದು ಪ್ರತಿ ರೆಕಾರ್ಡಿಂಗ್‌ಗೂ ಬೇರೆಯಾಗಿರುವ 12 ಅಕ್ಷರಗಳ ಗುರುತು. ವಿತರಕರೇ ಕೊಡುತ್ತಾರೆ, ಸ್ವಂತದ್ದು ಬೇಕಿದ್ದರೆ ಭಾರತದಲ್ಲಿ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಸಂಸ್ಥೆಯಿಂದ ಪಡೆಯಬಹುದು. ಮುಂದೆ ವಿತರಕರನ್ನು ಬದಲಿಸಿದರೂ ಹಳೆಯ ಸಂಕೇತವನ್ನೇ ಮುಂದುವರಿಸಿ, ಇಲ್ಲದಿದ್ದರೆ ಸ್ಟ್ರೀಮ್ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಕಂಪೋಸರ್ ಆಗಿ ರಾಯಲ್ಟಿ ಬರಬೇಕಾದರೆ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸದಸ್ಯತ್ವ ಬೇಕು.

ಸ್ಪ್ಲೈಸ್‌ನಂಥ ಸ್ಯಾಂಪಲ್ ತಾಣಗಳಿಂದ ತಂದ ಲೂಪ್‌ಗಳನ್ನು ಬಳಸಿದ್ದರೆ ಯೂಟ್ಯೂಬ್ ಕಂಟೆಂಟ್ ಐಡಿ (ನಿಮ್ಮ ಸಂಗೀತ ಇರುವ ವಿಡಿಯೋಗಳನ್ನು ತಾನೇ ಹಿಡಿಯುವ ವ್ಯವಸ್ಥೆ) ಆಯ್ಕೆಯನ್ನು ಒತ್ತಬೇಡಿ. ಬಳಸುವ ಹಕ್ಕು ನಿಮಗಿದೆ, ಆದರೆ ಅದೇ ಲೂಪ್ ಬಳಸಿದ ಇತರರಿಗೂ ಇದೆ. ವ್ಯವಸ್ಥೆ ಅವರ ವಿಡಿಯೋಗಳನ್ನು ನಿಮ್ಮದೆಂದು ಹಿಡಿದರೆ ವಿವಾದ ನಿಮ್ಮ ಖಾತೆಗೇ ಸುತ್ತಿಕೊಳ್ಳುತ್ತದೆ. ಮುಖ್ಯ ಮೋಟಿಫ್ ಅಂತೂ ನಿಮ್ಮದೇ ಆಗಿರಲಿ. ಹಾಡಿದವರಿದ್ದರೆ ಪಾಲು ಎಷ್ಟೆಂದು ರೆಕಾರ್ಡಿಂಗ್‌ಗೆ ಮುಂಚೆಯೇ ಬರಹದಲ್ಲಿ ಮಾಡಿಕೊಳ್ಳಿ.

ವಿಭಾಗ ಆರಿಸುವಾಗ ಪ್ರಾಮಾಣಿಕವಾಗಿರಿ. ರಾಗಕ್ಕಿಂತ ಡ್ರಮ್‌ಗಳೇ ಮುಂದಿದ್ದು ವೇಗ 128 ದಾಟಿದ್ದರೆ ಅದು ಪೀಕ್ ಟೈಮ್ ಟೆಕ್ನೋ. ಮೋಟಿಫ್‌ಗಿಂತ ಉದ್ದನೆಯ ಗ್ರೂವ್ ಮುಖ್ಯವಾಗಿದ್ದರೆ ಪ್ರೊಗ್ರೆಸಿವ್ ಹೌಸ್. ಮರದ ವಾದ್ಯ, ಕೈತಾಳವಾದ್ಯಗಳ ಮಂದಗತಿಯಾದರೆ ಆರ್ಗ್ಯಾನಿಕ್ ಹೌಸ್. ತಪ್ಪು ಕಪಾಟಿನಲ್ಲಿ ಇಟ್ಟ ಟ್ರ್ಯಾಕ್ ಹುಡುಕುವವರ ಕಣ್ಣಿಗೇ ಬೀಳುವುದಿಲ್ಲ.

ದಿನಾಂಕ

2015ರ ಜುಲೈನಿಂದ ಜಗತ್ತಿನಾದ್ಯಂತ ಬಿಡುಗಡೆಯ ದಿನ ಶುಕ್ರವಾರ. ಅಲ್ಲಿಂದ ಹಿಂದಕ್ಕೆ ಎಣಿಸಿ. ಆರು ವಾರ ಮುಂಚೆ ಫೈಲ್, 3000 ಪಿಕ್ಸೆಲ್ ಚೌಕದ ಮುಖಚಿತ್ರ, ಮಾಹಿತಿ ಎಲ್ಲ ವಿತರಕರ ಕೈ ಸೇರಲಿ. ನಾಲ್ಕು ವಾರ ಮುಂಚೆ ಡಿಜೆಗಳಿಗೆ. ಮೂರು ವಾರ ಮುಂಚೆ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಪಿಚ್, ಅಂದರೆ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡಿನ ಅರ್ಜಿ. ಕನಿಷ್ಠ ಏಳು ದಿನ ಮೊದಲು ಮಾಡದಿದ್ದರೆ ಆ ಹಾಡು ನಿಮ್ಮನ್ನು ಹಿಂಬಾಲಿಸುವವರ ರಿಲೀಸ್ ರೇಡಾರ್ ಪ್ಲೇಲಿಸ್ಟ್‌ಗೆ ಹೋಗುವ ಖಾತರಿ ಇಲ್ಲ. ಒಂದು ಸಲಕ್ಕೆ ಒಂದೇ ಹಾಡು ಪಿಚ್ ಮಾಡಬಹುದು, ಅದು ಎಡಿಟ್ ಆಗಿರಲಿ.

2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಟ್ರ್ಯಾಕ್‌ಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಒಂದೇ ದಿನ ಆರು ರೀಮಿಕ್ಸ್ ಬಿಟ್ಟು ಕೇಳುಗರನ್ನು ಹಂಚಿಬಿಡುವುದಕ್ಕಿಂತ ಎಂಟು ವಾರಕ್ಕೊಂದು ಸಿಂಗಲ್ ತರುವುದು ಈ ಲೆಕ್ಕದಲ್ಲೂ ಮೇಲು.

ವಿತರಕರು ಅಮೆರಿಕದವರಾದರೆ ಡಬ್ಲ್ಯೂ-8ಬಿಇಎನ್ ತೆರಿಗೆ ನಮೂನೆಯನ್ನು ಪ್ಯಾನ್ ಸಂಖ್ಯೆಯೊಂದಿಗೆ ತುಂಬಿ ಕೊಡಿ. ಕೊಡದಿದ್ದರೆ ಅಮೆರಿಕದಲ್ಲಿ ಹುಟ್ಟಿದ ಆದಾಯದ ಮೇಲೆ 30 ಶೇಕಡಾ ಕಡಿತ. ಭಾರತದ ನಿವಾಸಿಗೆ ತೆರಿಗೆ ಒಪ್ಪಂದದಡಿ ಹಕ್ಕುಸ್ವಾಮ್ಯ ರಾಯಲ್ಟಿಗೆ ಅದು 15. ಸಹಿ ಮಾಡಿದ ವರ್ಷದ ನಂತರ ಮೂರನೇ ವರ್ಷದ ಡಿಸೆಂಬರ್ ಕೊನೆಗೆ ನಮೂನೆಯ ಅವಧಿ ಮುಗಿಯುತ್ತದೆ. ಹಣದ ಮೊದಲ ಪಟ್ಟಿ ಬರಲು ಎರಡು ಮೂರು ತಿಂಗಳು ಬೇಕು. ಅದು ಬಂದಾಗ ಎರಡೂ ಐಎಸ್‌ಆರ್‌ಸಿಗಳನ್ನು ಹುಡುಕಿ ನೋಡಿ. ಬೀಟ್‌ಪೋರ್ಟ್‌ನಲ್ಲಿ ಮಾರಾಟ ಕಂಡರೂ ಎಕ್ಸ್‌ಟೆಂಡೆಡ್ ಮಿಕ್ಸ್‌ನ ಸಾಲೇ ಇಲ್ಲದಿದ್ದರೆ, ಅಪ್‌ಲೋಡ್ ಮಾಡುವಾಗ ಎರಡಕ್ಕೂ ಒಂದೇ ಸಂಕೇತ ಬಿದ್ದಿರುವ ಸಾಧ್ಯತೆ ಹೆಚ್ಚು. ಆ ದಿನವೇ ವಿತರಕರಿಗೆ ಬರೆದು ತಿದ್ದಿಸಿ.